ಹಳೆ ಕಾರಿನ ಸೀಟಿಗೆ ಹೊಸ ಮೈ

ಕುಪ್ಪಸ, ಲಂಗ, ದಿಂಬಿನ ಚೀಲ ಹೊಲಿಯುವ ಕೈಗೆ ಕಾರಿನ ಸೀಟು ಹೊಲಿಯುವುದು ಬ್ರಹ್ಮವಿದ್ಯೆಯೇನಲ್ಲ.

ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಇವತ್ತಿಗೂ ಕೆಲವು ಮನೆಗಳ ಮುಂದೆ ಹಳೆಯ ಅಂಬಾಸಿಡರ್ ನಿಂತಿರುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಮಾಡುತ್ತಿದ್ದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಎಂಜಿನ್ ಗಟ್ಟಿಯಾಗಿದ್ದರೂ ಸೀಟು ಕುಸಿದು ರೆಕ್ಸಿನ್ ಹರಿದಿದ್ದೇ ನೆಪವಾಗಿ ಎಷ್ಟೋ ಕಾರುಗಳು ಗುಜರಿ ಸೇರುತ್ತವೆ.

ನಮ್ಮ ಮನೆಯಲ್ಲೂ ಅದೇ ಮಾತು ಬಂದಿತ್ತು. ಆದರೆ ಮಂಡಿನೋವಿರುವ ನಮ್ಮ ಅತ್ತೆಯವರಿಗೆ ತಗ್ಗಾದ ಸೀಟಿನಲ್ಲಿ ಕೂತು ಏಳುವುದು ಕಷ್ಟ. ಅಂಬಾಸಿಡರ್ ಸೀಟು ಎತ್ತರ. ಗುಬ್ಬಿಯಿಂದ ತುಮಕೂರಿಗೆ ಡಾಕ್ಟರ ಹತ್ತಿರ ಬರಲು ಅವರಿಗೆ ಅದೇ ಅನುಕೂಲ. “ಈ ಕಾರು ಹೋದರೆ ನಾನು ಮನೆ ಬಿಟ್ಟು ಹೊರಡೋದೇ ಇಲ್ಲ” ಅಂದುಬಿಟ್ಟರು. ಯಜಮಾನರು ಒಪ್ಪಿದರು, ಸೀಟು ಜಗುಲಿಗೆ ಬಂತು.

ಬಿಚ್ಚುವ ಮೊದಲು

ಸೀಟನ್ನು ಮೆಕ್ಯಾನಿಕ್ ಕೈಲಿ ಹೊರಗೆ ತೆಗೆಸಿ. ಹಳೆಯ ಹೊದಿಕೆಯನ್ನು ಹರಿದು ಎಸೆಯಬೇಡಿ. ಅದೇ ನಿಮ್ಮ ಅಳತೆಯ ರವಿಕೆ ಇದ್ದ ಹಾಗೆ! ಪ್ರತಿ ತುಂಡಿನ ಮೇಲೂ ಚಾಕಿನಲ್ಲಿ ಎಡ, ಬಲ, ಮುಂದೆ, ಹಿಂದೆ ಅಂತ ಬರೆದು, ಕೂಡುವ ಜಾಗಕ್ಕೆ ಗುರುತು ಹಾಕಿ, ಆಮೇಲೆ ಬ್ಲೇಡಿನಿಂದ ಹೊಲಿಗೆ ಬಿಡಿಸಿ.

ಒಳಗಿನ ಹೂರಣ

ಮೇಲಿನ ಬಣ್ಣಕ್ಕಿಂತ ಒಳಗಿನದು ಮುಖ್ಯ. ಸ್ಪ್ರಿಂಗಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಮುರಿದದ್ದನ್ನು ಬದಲಾಯಿಸಿ. ಅದರ ಮೇಲೆ ಗಟ್ಟಿ ಗೋಣಿತಟ್ಟು ಹೊಲಿಯಿರಿ, ಇಲ್ಲದಿದ್ದರೆ ಸ್ಪ್ರಿಂಗು ಮೇಲಿನ ಪದರವನ್ನು ತಿಂದುಹಾಕುತ್ತದೆ. ಆಮೇಲೆ ತೆಂಗಿನ ನಾರಿನ ಪದರ, ಅದರ ಮೇಲೆ ಫೋಮ್. ತೆಂಗಿನ ಸೀಮೆಯವರಾದ ನಮಗೆ ನಾರಿಗೇನು ಬರ? ಆದರೆ ಚೆನ್ನಾಗಿ ಬಿಸಿಲಿಗೆ ಒಣಗಿಸಿದ್ದೇ ಆಗಬೇಕು. ತೇವವಿದ್ದರೆ ವಾಸನೆ ಬರುತ್ತದೆ, ಸ್ಪ್ರಿಂಗೂ ತುಕ್ಕು ಹಿಡಿಯುತ್ತದೆ.

ಮೆತ್ತಗಿರಲಿ ಅಂತ ಅತಿಯಾಗಿ ತುಂಬಬೇಡಿ. ವಯಸ್ಸಾದವರನ್ನು ಕೂರಿಸಿ ನೋಡಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಹಳ್ಳಕ್ಕೆ ಇಳಿಯಬಾರದು.

ಹೊಲಿಗೆಯ ಗುಟ್ಟು

ರೆಕ್ಸಿನ್‌ಗೆ ಗುಂಡುಸೂಜಿ ಚುಚ್ಚಬೇಡಿ, ಆ ತೂತು ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ಮಿಷನ್ನಿಗೆ 18ನೇ ನಂಬರಿನ ಸೂಜಿ, ನೈಲಾನ್ ದಾರ ಹಾಕಿ. ಹೊಲಿಗೆ ಉದ್ದವಾಗಿರಲಿ. ಒತ್ತೊತ್ತಾಗಿ ಹೊಲಿದರೆ ತೂತಿನ ಸಾಲಿನಲ್ಲೇ ಹರಿಯುತ್ತದೆ. ಪಾದಕ್ಕೆ ರೆಕ್ಸಿನ್ ಅಂಟಿದರೆ ಮೇಲೆ ತೆಳುಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಮೂರ್ನಾಲ್ಕು ಪದರ ಕೂಡುವ ಕಡೆ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಆ ಅಂಚನ್ನಷ್ಟೇ ಕುಷನ್ ಅಂಗಡಿಯವರಿಗೆ ಕೊಡಿ.

ಹೊದಿಸುವ ಮುನ್ನ ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟರೆ ರೆಕ್ಸಿನ್ ಮೆದುವಾಗುತ್ತದೆ. ಇಸ್ತ್ರಿ ಮಾತ್ರ ಸೋಕಿಸಬೇಡಿ. ನಡುವಿನಿಂದ ಮೂಲೆಗಳ ಕಡೆಗೆ ಎಳೆದು ಕಟ್ಟಿ, ಆಗ ಸುಕ್ಕು ಬರುವುದಿಲ್ಲ. ಸೀಟು ಕೂರಿಸುವಾಗ ಬೋಲ್ಟು ಬಿಗಿ ಮಾಡುವುದು ಮೆಕ್ಯಾನಿಕ್ ಕೆಲಸವೇ. ಸೀಟ್ ಬೆಲ್ಟ್ ಇದ್ದರೆ ಅದು ಹೊದಿಕೆಯಡಿ ಹೂತುಹೋಗದಂತೆ ನೋಡಿಕೊಳ್ಳಿ.

ಕೊಳೆಯಾದರೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ, ಥಿನ್ನರ್ ಬೇಡ. ಇನ್ನು ಉಳಿದ ರೆಕ್ಸಿನ್ ತುಂಡೇ? ಸಂತೆಗೊಂದು ಗಟ್ಟಿ ಕೈಚೀಲ ಹೊಲಿದುಕೊಳ್ಳಿ, ಮಳೆಗೂ ಜಗ್ಗುವುದಿಲ್ಲ!