ಧ್ವನಿಮುದ್ರಿಕೆಯ ಪ್ರಕ್ಷಿಪ್ತಗಳು: ಕೇಬಲ್ ಕನೆಕ್ಟರಿನ ಕವಚ ಮತ್ತು ಭೂಸಂಪರ್ಕ

ಹಸ್ತಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯಗಳನ್ನೂ ಪ್ರಕ್ಷಿಪ್ತಗಳನ್ನೂ ಗುರುತಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನಾಶಾಸ್ತ್ರ ಕನ್ನಡದಲ್ಲಿ ಗಟ್ಟಿಯಾಗಿ ಬೆಳೆದಿದೆ. ಧ್ವನಿಮುದ್ರಿಕೆಯನ್ನು ಮೂಲ ಆಕರವೆಂದು ಒಪ್ಪಿದ ಜಾನಪದ ವಿದ್ವಾಂಸರು ಯಂತ್ರ ಸೇರಿಸುವ ಪ್ರಕ್ಷಿಪ್ತಗಳ ಬಗೆಗೆ ಅಷ್ಟೇ ಎಚ್ಚರ ವಹಿಸಿದಂತೆ ಕಾಣುವುದಿಲ್ಲ. ಅಂತಹ ಪ್ರಕ್ಷಿಪ್ತಗಳಲ್ಲಿ ಮುಖ್ಯವಾದ ಒಂದು, ಕೇಬಲ್ಲು ಯಂತ್ರವನ್ನು ಪ್ರವೇಶಿಸುವ ಕನೆಕ್ಟರಿನಲ್ಲಿ ಹುಟ್ಟುತ್ತದೆ. ಅದರ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ದೇಶದ ವಿದ್ಯುತ್ ಪೂರೈಕೆಯ ಆವರ್ತಾಂಕ ೫೦ ಹರ್ಟ್ಸ್. ಇದರಿಂದ ಹುಟ್ಟುವ ಗುಂಯ್‌ಗುಡುವ ಸದ್ದು ೫೦ಕ್ಕೇ ನಿಲ್ಲದೆ ೧೦೦, ೧೫೦, ೨೦೦ ಎಂದು ಗುಣಕಗಳಲ್ಲಿ ಮೇಲೇರುತ್ತದೆ. ಪುರುಷ ಕಂಠದ ಮೂಲನಾದವೂ ಬಹುಮಟ್ಟಿಗೆ ಇದೇ ವಲಯದಲ್ಲಿದೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ತಂಬೂರಿಯಂತೂ ಎಡೆಬಿಡದೆ ನುಡಿಯುವ ಶ್ರುತಿ. ಅದರ ಬೆನ್ನಿಗೆ ಎಡೆಬಿಡದ ಮತ್ತೊಂದು ನಾದ ಕುಳಿತರೆ, ಶ್ರುತಿ ಯಾವುದು, ಯಂತ್ರದ ಸದ್ದು ಯಾವುದು ಎಂದು ಬೇರ್ಪಡಿಸುವುದು ದುಸ್ತರ. ಗಣಕದಲ್ಲಿ ಸೋಸಿ ತೆಗೆಯಬಹುದಲ್ಲ ಎಂಬ ವಾದವಿದೆ. ಸೋಸಿದಾಗ ಕಂಠದ ಅಂಶವೂ ಜೊತೆಗೆ ಹೋಗುತ್ತದೆ. ಹಾಡಿದ ಹಿರಿಯ ಗಾಯಕ ತೀರಿಹೋಗಿದ್ದರೆ ಮತ್ತೊಮ್ಮೆ ಹಾಡಿಸಿಕೊಳ್ಳುವ ಅವಕಾಶವೂ ಇಲ್ಲ.

ಮೈಕಿನಿಂದ ಯಂತ್ರಕ್ಕೆ ಬರುವ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಎರಡು ತಂತಿಗಳು ಧ್ವನಿಸಂಕೇತವನ್ನು ಹೊರುತ್ತವೆ. ಅವುಗಳ ಸುತ್ತ ಹೆಣೆದ ತಾಮ್ರದ ಜಾಲರಿಯೇ ಕವಚ. ಎರಡು ತಂತಿಗಳಲ್ಲಿಯೂ ಸಮನಾಗಿ ನುಸುಳಿದ ಸದ್ದು ಯಂತ್ರದ ಮೊದಲ ಹಂತದಲ್ಲಿಯೇ ಪರಸ್ಪರ ಕಳೆದುಹೋಗುತ್ತದೆ. ವ್ಯವಸ್ಥೆ ಇಷ್ಟು ಸುಭದ್ರವಾಗಿದ್ದರೂ ಸದ್ದು ಒಳಬರುವುದು ಹೇಗೆ?

ರಂಗಸ್ಥಳದ ಮಿಕ್ಸರು ಒಂದು ಕಡೆಯಿಂದ, ನಮ್ಮ ಧ್ವನಿಗ್ರಾಹಕ ಮತ್ತೊಂದು ಕಡೆಯಿಂದ ವಿದ್ಯುತ್ ಪಡೆದಿವೆ ಎಂದಿಟ್ಟುಕೊಳ್ಳೋಣ. ಎರಡು ಕಡೆಯ ಭೂಸಂಪರ್ಕಗಳ ವಿಭವ ಒಂದೇ ಆಗಿರುವುದಿಲ್ಲ. ಆ ವ್ಯತ್ಯಾಸ ಕವಚದ ಮೂಲಕ ವಿದ್ಯುತ್ತನ್ನು ಹರಿಸುತ್ತದೆ. ಇದು ಸಹಜ, ಇದರಿಂದಲೇ ಕೇಡಿಲ್ಲ. ಕೇಡಿರುವುದು ಈ ವಿದ್ಯುತ್ತು ಮುಂದೆ ಹಿಡಿಯುವ ದಾರಿಯಲ್ಲಿ. ಕವಚ ಬಂದು ಸೇರುವುದು ಕನೆಕ್ಟರಿನ ಒಂದನೆಯ ಪಿನ್ನಿಗೆ. ಅನೇಕ ಯಂತ್ರಗಳಲ್ಲಿ ಆ ಪಿನ್ನನ್ನು ಲೋಹದ ಪೆಟ್ಟಿಗೆಗೆ ಜೋಡಿಸದೆ, ಸರ್ಕ್ಯೂಟ್ ಬೋರ್ಡಿನ ಭೂಪಟ್ಟಿಗೆ ಬೆಸುಗೆ ಹಾಕಿರುತ್ತಾರೆ. ೧ ಮಿಲಿಮೀಟರ್ ಅಗಲ, ೧೦ ಸೆಂಟಿಮೀಟರ್ ಉದ್ದ, ೩೫ ಮೈಕ್ರಾನ್ ದಪ್ಪದ ತಾಮ್ರದ ಪಟ್ಟಿಯ ರೋಧ ಸುಮಾರು ೦.೦೫ ಓಮ್. ಅದರಲ್ಲಿ ೧೦ ಮಿಲಿಆಂಪಿಯರ್ ಹರಿದರೆ ಅರ್ಧ ಮಿಲಿವೋಲ್ಟ್ ಹುಟ್ಟುತ್ತದೆ. ಅಲ್ಪವೆನಿಸಬಹುದು, ಆದರೆ ಹತ್ತಿರದಿಂದ ಹಾಡಿದ ಧ್ವನಿಗೆ ಸಾಮಾನ್ಯ ಡೈನಮಿಕ್ ಮೈಕು ಕೊಡುವುದೇ ೧ರಿಂದ ೨ ಮಿಲಿವೋಲ್ಟ್. ಬೋರ್ಡಿನ ಎಲ್ಲ ಹಂತಗಳೂ ಧ್ವನಿಯನ್ನು ಅಳೆಯುವುದು ಇದೇ ಭೂಪಟ್ಟಿಯನ್ನು ಶೂನ್ಯವೆಂದು ನಂಬಿ. ಶೂನ್ಯವೇ ಅಲುಗಿದ ಮೇಲೆ ಮೊದಲ ಹಂತದ ಕಳೆಯುವಿಕೆಯಿಂದ ಪ್ರಯೋಜನವಿಲ್ಲ.

ನೀಲ್ ಮನ್ಸಿ ೧೯೯೫ರ ಜೂನ್‌ನಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು 'ಒಂದನೆಯ ಪಿನ್ನಿನ ಸಮಸ್ಯೆ' ಎಂದು ಹೆಸರಿಸಿ ವಿವೇಚಿಸಿದರು. ಅದೇ ಸೊಸೈಟಿ ೨೦೦೫ರಲ್ಲಿ ಪ್ರಕಟಿಸಿದ ಎಇಎಸ್ ೪೮ ಎಂಬ ಮಾನಕದ ತಿರುಳು ಸರಳವಾಗಿದೆ: ಕವಚವು ಒಳಬರುವ ಜಾಗದಲ್ಲಿಯೇ, ಅತ್ಯಂತ ಹ್ರಸ್ವ ಮಾರ್ಗದಲ್ಲಿ ಲೋಹದ ಪೆಟ್ಟಿಗೆಗೆ ಸೇರಬೇಕು. ನಮ್ಮ ಜನಪದರು ಕೇಡನ್ನು ಹೊಸ್ತಿಲಲ್ಲೇ ತಡೆಯುವ ಕ್ರಮವನ್ನು ಇಲ್ಲಿ ನೆನೆದರೆ ತಪ್ಪಾಗಲಾರದು.

'ಹ್ರಸ್ವ' ಎಂಬ ಮಾತಿಗೆ ವಿಶೇಷ ಅರ್ಥವಿದೆ. ಕವಚದ ಎಳೆಗಳನ್ನು ಜಡೆಯಂತೆ ಹೊಸೆದು ೨ ಸೆಂಟಿಮೀಟರ್ ತಂತಿಯಾಗಿ ಬೆಸೆಯುವುದು ವಾಡಿಕೆ. ೫೦ ಹರ್ಟ್ಸ್‌ನಲ್ಲಿ ಆ ತಂತಿಯ ಅಡಚಣೆ ಇಲ್ಲವೆನ್ನುವಷ್ಟು ಕಡಿಮೆ. ಮೊಬೈಲಿನ ೯೦೦ ಮೆಗಾಹರ್ಟ್ಸ್‌ನಲ್ಲಿ ಅದೇ ತುಂಡು ನೂರು ಓಮ್‌ಗಿಂತ ಹೆಚ್ಚು ಅಡಚಣೆ ಒಡ್ಡುತ್ತದೆ. ಕವಚ ಅಲ್ಲಿಗೆ ಕವಚವಾಗಿ ಉಳಿಯುವುದಿಲ್ಲ. ಎರಡನೆಯ ತಲೆಮಾರಿನ ಜಿಎಸ್‌ಎಮ್ ಮೊಬೈಲು ಸೆಕೆಂಡಿಗೆ ಸುಮಾರು ೨೧೭ ಬಾರಿ ತುಂಡುತುಂಡಾಗಿ ಪ್ರಸಾರ ಮಾಡುತ್ತದೆ. ಒಳನುಸುಳಿದ ಈ ಮಿಡಿತಗಳನ್ನು ಬೋರ್ಡಿನ ಅರೆವಾಹಕಗಳು ಕಿವಿಗೆ ಕೇಳುವ ಸದ್ದಾಗಿ ಮಾರ್ಪಡಿಸುತ್ತವೆ. ಕರೆ ಬರುವ ಮುನ್ನ ಧ್ವನಿವರ್ಧಕದಲ್ಲಿ ಕೇಳಿಬರುವ 'ಟಿಟಿಟ್ ಟಿಟಿಟ್' ಇದೇ. ಆದುದರಿಂದ ಕನೆಕ್ಟರಿನ ಲೋಹದ ಹೊರಚಿಪ್ಪು ಕವಚವನ್ನು ಸುತ್ತಲೂ ತಬ್ಬಿ ಹಿಡಿದು, ತಾನೂ ಪೆಟ್ಟಿಗೆಗೆ ಸುತ್ತಲೂ ತಾಗಿರುವುದು ಉತ್ತಮ. ಪೆಟ್ಟಿಗೆಯ ಬಣ್ಣ ಕೂಡ ಈ ಸ್ಪರ್ಶವನ್ನು ಕೆಡಿಸಬಲ್ಲದು.

ಕವಚವನ್ನು ಒಂದು ತುದಿಯಲ್ಲಿ ಕತ್ತರಿಸಿದರೆ ಗುಂಯ್‌ಗುಡುವುದು ನಿಲ್ಲುತ್ತದೆ, ರೇಡಿಯೊ ಅಲೆಗಳಿಗೆ ಬಾಗಿಲು ತೆರೆಯುತ್ತದೆ. ಇದಕ್ಕಿಂತ ಘೋರವಾದದ್ದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನೇ ಕಿತ್ತುಹಾಕುವುದು. ಯಂತ್ರದೊಳಗಿನ ನಿರೋಧಕ ಹದಗೆಟ್ಟ ದಿನ ೨೩೦ ವೋಲ್ಟ್ ಪೆಟ್ಟಿಗೆಗೆ ಬಂದು, ಕವಚದ ಮೂಲಕ ಮೈಕಿನ ಲೋಹದ ಮೈಗೆ ತಲುಪಬಹುದು. ಇಬ್ಬನಿಯ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಆ ಮೈಕನ್ನು ಹಿಡಿದಿರುವವನು ಬಯಲಾಟದ ಕಲಾವಿದ. ಯಾವ ಸಂಗ್ರಹಕಾರ್ಯವೂ ಇದಕ್ಕೆ ಸಮರ್ಥನೆಯಾಗಲಾರದು.

ಕೊಂಡ ಯಂತ್ರದ ಬೋರ್ಡನ್ನು ಸಂಶೋಧಕ ತಿದ್ದಲಾರ. ಆದರೆ ಬ್ಯಾಟರಿಯಿಂದ ನಡೆಸಬಹುದು, ಮಿಕ್ಸರಿಗೂ ಯಂತ್ರಕ್ಕೂ ನಡುವೆ ಧ್ವನಿಯನ್ನು ಮಾತ್ರ ದಾಟಿಸುವ ಟ್ರಾನ್ಸ್‌ಫಾರ್ಮರನ್ನು ಇಡಬಹುದು, ಮೊಬೈಲುಗಳನ್ನು ದೂರವಿರಿಸಬಹುದು. ಸಂಸ್ಥೆಗಳು ಖರೀದಿಗೆ ಮುನ್ನ ತಂತ್ರಜ್ಞರಿಂದ, ಜಾನ್ ವಿಂಟ್ ೧೯೯೫ರ ಅದೇ ಸಂಚಿಕೆಯಲ್ಲಿ ವಿವರಿಸಿದ 'ಹಮ್ಮರ್' ಪರೀಕ್ಷೆಯನ್ನು ಮಾಡಿಸಬಹುದು: ಒಂದನೆಯ ಪಿನ್ನಿಗೂ ಪೆಟ್ಟಿಗೆಗೂ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಅಲ್ಪ ವಿದ್ಯುತ್ ಹರಿಸಿ ಸದ್ದು ಹೊರಡುವುದೇ ಎಂದು ಆಲಿಸುವುದು. ಖರೀದಿಯ ಕಾಗದಗಳಲ್ಲಿ ೨೪ ಬಿಟ್, ೪೮ ಕಿಲೋಹರ್ಟ್ಸ್ ಎಂಬ ಅಂಕಿಗಳಿಗೆ ಸಿಗುವ ಗೌರವ ಈ ಪರೀಕ್ಷೆಗೆ ಸಿಗದಿರುವುದು ವಿಚಿತ್ರವೇ ಸರಿ. ಆ ಅಂಕಿಗಳು ಒಳಬಂದ ಸದ್ದನ್ನೂ ಅಷ್ಟೇ ನಿಷ್ಠೆಯಿಂದ ಕಾಪಿಡುತ್ತವೆ. ಇದರ ಜೊತೆಗೆ, ವಕ್ತೃವಿನ ಹೆಸರು, ಊರು, ದಿನಾಂಕಗಳಿರುವ ದಾಖಲೆಪತ್ರದಲ್ಲಿ ಯಂತ್ರ, ಕೇಬಲ್ಲು ಮತ್ತು ವಿದ್ಯುತ್ತಿನ ಮೂಲವನ್ನೂ ನಮೂದಿಸಿದರೆ, ಮುಂದೆ ಆ ಮುದ್ರಿಕೆಯ ಶ್ರುತಿಯನ್ನು ಅಳೆಯುವವರಿಗೆ ೧೦೦ ಹರ್ಟ್ಸ್‌ನ ರೇಖೆ ತಂಬೂರಿಯದೋ ಮಿಕ್ಸರಿನದೋ ಎಂದು ಪರಿಶೀಲಿಸಲು ಆಧಾರ ದೊರೆಯುತ್ತದೆ.