ಸಹಾಯಧನ ಯಾರಿಗೆ, ನೀರು ಯಾರದು?

ಪುಣೆ ಜಿಲ್ಲೆಯ ಪಶ್ಚಿಮ ಅಂಚಿನ ಲೋಣಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದೇ ಜಿಲ್ಲೆಯ ಪುರಂದರ, ಬಾರಾಮತಿ, ಇಂದಾಪುರದ ಕಡೆ ಅದು 500 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯ ಪಾಡು ವಿಜಯಪುರದ ರೈತನಿಗೆ ಹೊಸದೇನಲ್ಲ. ಮಹಾರಾಷ್ಟ್ರದ ಕೃಷಿ ಆಯುಕ್ತಾಲಯ, ಜಲಾನಯನ ಸಂಸ್ಥೆ ‘ವಸುಂಧರಾ’, ಅಂತರ್ಜಲ ಸಮೀಕ್ಷೆಯ ಕೇಂದ್ರ ಕಚೇರಿ ಮೂರೂ ಪುಣೆ ನಗರದಲ್ಲಿವೆ. ಮಣ್ಣು–ನೀರು ಉಳಿಸಲು ಸರ್ಕಾರ ಕೊಡುವ ಹಣ ಎಲ್ಲಿ ಫಲಿಸುತ್ತದೆ, ಎಲ್ಲಿ ಸೋರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಿಲ್ಲೆ ಸಿಗದು.

ಬರಗಾಲದ ಕೆಲಸದಿಂದ ಬದುವಿಗೆ

ಈ ಕಥೆಯ ಮೊದಲ ಭಾಗದಲ್ಲಿ ನಾವೂ ಇದ್ದೇವೆ. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆಗೆ ದೇಶದಲ್ಲಿ ತೆರೆದ ಐದು ಕೇಂದ್ರಗಳೆಂದರೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ರೋಹ್ಟಕ್. ಇವುಗಳಲ್ಲಿ ಮೂರು ಇಂದಿನ ಕರ್ನಾಟಕದವು. 1942ರಲ್ಲಿ ಮುಂಬಯಿ ಪ್ರಾಂತ್ಯ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದಿತು. ಮಳೆನೀರು ಹೊಲದ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ, ಇಡೀ ಪ್ರದೇಶಕ್ಕೆ ಒಂದೇ ಯೋಜನೆ ಹಾಕಿ ಸಮಪಾತಳಿ ಬದು ಕಟ್ಟಲು ಅದು ದಾರಿ ಮಾಡಿತು. ಆಗ ಪುಣೆಯ ಜೊತೆ ಬಿಜಾಪುರ, ಧಾರವಾಡ, ಬೆಳಗಾವಿಯೂ ಆ ಪ್ರಾಂತ್ಯದಲ್ಲಿದ್ದವು.

1972ರ ಬರಗಾಲದಲ್ಲಿ ಮಹಾರಾಷ್ಟ್ರ ಸರ್ಕಾರ ಲಕ್ಷಾಂತರ ಜನರಿಗೆ ಕಲ್ಲು ಒಡೆಯುವ, ರಸ್ತೆ ಮಾಡುವ ಕೂಲಿ ಕೊಟ್ಟಿತು. ಆ ಅನುಭವದಿಂದ ಬೆಳೆದ ಉದ್ಯೋಗ ಖಾತರಿ ಯೋಜನೆಗೆ 1977ರ ಕಾಯ್ದೆಯ ಬಲ ಬಂತು. ಬದು, ಒಡ್ಡು, ಕಂದಕಗಳ ಕೆಲಸ ಕೂಲಿಯೊಂದಿಗೆ ಸೇರಿಕೊಂಡಿತು. ಅದರ ಹಣದ ಮೂಲವೂ ಗಮನಾರ್ಹ: 1975ರ ಕಾಯ್ದೆಯಂತೆ ನೌಕರರ ಸಂಬಳದಿಂದ ಮುರಿದುಕೊಳ್ಳುವ ವೃತ್ತಿ ತೆರಿಗೆಯನ್ನು ಮಹಾರಾಷ್ಟ್ರ ಈ ಯೋಜನೆಗೆಂದೇ ಮೀಸಲಿಟ್ಟಿತು. ಮುಂಬಯಿ–ಪುಣೆಯ ಗುಮಾಸ್ತರ ದುಡ್ಡಿನಲ್ಲಿ ಬರದ ಊರಿನ ಬದು ಎದ್ದಿತು.

ಹಣ ರೈತನ ಕೈ ಸೇರುವ ಬಗೆ

ಇಂದಿನ ನೆರವು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಇಡೀ ಜಲಾನಯನಕ್ಕೆ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ವಿಭಾಗವು 2021ರಿಂದ ಬಯಲು ಸೀಮೆಗೆ ಹೆಕ್ಟೇರಿಗೆ 22,000 ರೂಪಾಯಿ ಲೆಕ್ಕ ಹಾಕುತ್ತದೆ. ಮೊದಲು ಅದು 12,000 ಇತ್ತು. ಗುಡ್ಡದ ನೆತ್ತಿಯಿಂದ ಕೆಲಸ ಶುರುಮಾಡಿ ಹಳ್ಳದತ್ತ ಇಳಿಯಬೇಕೆಂಬುದು ಇದರ ಕ್ರಮ.

ಇನ್ನೊಂದು ನೇರ ರೈತನಿಗೆ. ಹನಿ ನೀರಾವರಿಗೆ ಕೇಂದ್ರದ ನಿಯಮದಂತೆ ಸಣ್ಣ, ಅತಿ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನ. ಅದಕ್ಕೆ ಮಹಾರಾಷ್ಟ್ರ ತನ್ನ ಪಾಲು ಸೇರಿಸಿ ಶೇ. 80 ಮತ್ತು ಶೇ. 75ಕ್ಕೆ ಏರಿಸಿತು. ಅರ್ಜಿ ಹಾಕಲು ‘ಸಾತ್‌ಬಾರಾ’ ಬೇಕು, ಅಂದರೆ ನಮ್ಮ ಪಹಣಿ. ಮೊದಲು ರೈತ ಕೈಯಿಂದ ಖರ್ಚು ಮಾಡಬೇಕು. ಪರಿಶೀಲನೆಯ ನಂತರ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಹೀಗಾಗಿ ಸಹಾಯಧನ ಹೆಚ್ಚು ಬೇಕಾದ ಇಬ್ಬರಿಗೆ ಅದು ಕಷ್ಟ: ಮುಂಗಡ ಹಣ ಹೊಂಚಲಾಗದವನು ಹಿಂದೆ ಬೀಳುತ್ತಾನೆ, ಪಹಣಿ ಇಲ್ಲದ ಗೇಣಿದಾರ ಸಾಲಿಗೇ ಸೇರುವುದಿಲ್ಲ.

ಕೃಷಿ ಹೊಂಡದ ಎರಡು ಮುಖ

2016ರಲ್ಲಿ ಮಹಾರಾಷ್ಟ್ರ ‘ಮಾಗೇಲ್ ತ್ಯಾಲಾ ಶೇತತಳೆ’, ಅಂದರೆ ಕೇಳಿದವರಿಗೆಲ್ಲ ಕೃಷಿ ಹೊಂಡ, ಎಂಬ ಯೋಜನೆ ತಂದಿತು. ಗರಿಷ್ಠ ಸಹಾಯಧನ 50,000 ರೂಪಾಯಿ. 2022ರಲ್ಲಿ ಅದು 75,000 ಆಯಿತು. ಕರ್ನಾಟಕ 2014ರಲ್ಲೇ ಕೃಷಿ ಭಾಗ್ಯದಡಿ ಹೊಂಡ, ತಳಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಪಂಪು, ಹನಿ ನೀರಾವರಿ ಎಲ್ಲವನ್ನೂ ಜೊತೆಗೂಡಿಸಿ ಕೊಡತೊಡಗಿತ್ತು.

ಮೂವತ್ತು ಮೀಟರ್ ಉದ್ದ–ಅಗಲ, ಮೂರು ಮೀಟರ್ ಆಳದ ಇಳಿಜಾರು ದಡದ ಹೊಂಡದಲ್ಲಿ ಸುಮಾರು 22 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಹರಿದುಹೋಗುವ ಮಳೆನೀರು ಅದಕ್ಕೆ ತುಂಬಿದರೆ ಮಳೆ ಕೈಕೊಟ್ಟ ಹದಿನೈದು ದಿನ ಬೆಳೆ ಬದುಕುತ್ತದೆ. ಆದರೆ ದ್ರಾಕ್ಷಿ, ದಾಳಿಂಬೆ ಬೆಳೆಯುವ ಕಡೆ ಅನೇಕರು ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೊಳವೆಬಾವಿಯಿಂದ ನೀರೆತ್ತಿ ಹೊಂಡ ತುಂಬಿಸಿಕೊಂಡರು. ನೆಲದಡಿ ತಂಪಾಗಿದ್ದ ನೀರು ಬಿಸಿಲಿಗೆ ಬಂದು ಆವಿಯಾಗತೊಡಗಿತು. ಅಂತರ್ಜಲ ಊರಿನ ಒಂದೇ ಹಗೇವು. ಒಬ್ಬ ತೋಡಿಕೊಂಡರೆ ಎಲ್ಲರ ಪಾಲೂ ಇಳಿಯುತ್ತದೆ. ಕಡತದಲ್ಲಿ ಮಾತ್ರ ಎರಡು ಹೊಂಡಗಳಿಗೂ ‘ಜಲಸಂರಕ್ಷಣೆ’ ಎಂದೇ ಹೆಸರು.

ನಾಯಗಾಂವದ ಲೆಕ್ಕ

ಪುರಂದರ ತಾಲ್ಲೂಕಿನ ನಾಯಗಾಂವದಲ್ಲಿ ಎಲ್ಲರ ಪಾಲಿನ ಈ ನೀರಿಗೆ ಬೇರೆಯೇ ಲೆಕ್ಕ ಹಾಕಿದವರು ಪುಣೆಯ ಎಂಜಿನಿಯರ್–ಉದ್ಯಮಿ ವಿಲಾಸರಾವ್ ಸಾಳುಂಖೆ. 1972ರ ಬರ ಕಂಡು ಕಳವಳಗೊಂಡ ಅವರು ಅಲ್ಲಿನ ದೇವಸ್ಥಾನದ 40 ಎಕರೆ ಬರಡು ಭೂಮಿಯನ್ನು ಗುತ್ತಿಗೆಗೆ ಪಡೆದು ಬದು, ಹೊಂಡ, ಬಾವಿ ಮಾಡಿಸಿದರು. ಅದರಿಂದ ‘ಪಾಣಿ ಪಂಚಾಯತ್’ ಹುಟ್ಟಿತು. ಏತ ನೀರಾವರಿಯ ಖರ್ಚಿನಲ್ಲಿ ರೈತರದು ಶೇ. 20, ಸರ್ಕಾರದ ಸಹಾಯಧನ ಶೇ. 50, ಉಳಿದ ಶೇ. 30 ಸಾಳುಂಖೆಯವರ ಗ್ರಾಮ ಗೌರವ ಪ್ರತಿಷ್ಠಾನದ ಬಡ್ಡಿರಹಿತ ಸಾಲ.

ಹಣದ ಹಂಚಿಕೆಗಿಂತ ದೊಡ್ಡದು ನೀರಿನ ಹಂಚಿಕೆ. ತಲೆಗೆ ಅರ್ಧ ಎಕರೆಯಂತೆ, ಕುಟುಂಬಕ್ಕೆ ಎರಡೂವರೆ ಎಕರೆ ಮೀರದಂತೆ ನೀರು. ಇಪ್ಪತ್ತು ಎಕರೆಯ ಒಡೆಯನಿಗೂ ಅಷ್ಟೇ. ಭೂಮಿ ಇಲ್ಲದವರಿಗೂ ಪಾಲು. ಹಕ್ಕು ಜಮೀನಿಗೆ ಅಂಟಿದ್ದಲ್ಲ. ಹೊಲ ಮಾರಿದರೆ ನೀರು ಜೊತೆಗೆ ಹೋಗುವುದಿಲ್ಲ. ಕಬ್ಬು ನಿಷಿದ್ಧ. ಸರದಿಯಂತೆ ನೀರು ಬಿಡುವವನು ‘ಪಾಟಕರಿ’, ನಮ್ಮ ಕೆರೆಗಳ ನೀರಗಂಟಿಯ ಹಾಗೆ.

ಸರ್ಕಾರ ಈ ಏತ ನೀರಾವರಿಗೆ ಹಣ ಕೊಟ್ಟಿತೇ ಹೊರತು ಈ ನಿಯಮಗಳನ್ನು ತನ್ನದಾಗಿಸಿಕೊಳ್ಳಲಿಲ್ಲ. 2005ರ ಕಾಯ್ದೆ ನೀರು ಬಳಕೆದಾರರ ಸಂಘಗಳಿಗೆ ಅಧಿಕಾರ ಕೊಟ್ಟರೂ ನೀರಿನ ಪಾಲು ಜಮೀನಿನ ಲೆಕ್ಕದಲ್ಲೇ ಉಳಿಯಿತು.

ಇತ್ತೀಚಿನ ಪ್ರಯತ್ನ

2019ರ ಡಿಸೆಂಬರ್‌ನಲ್ಲಿ ಆರಂಭವಾದ 6,000 ಕೋಟಿ ರೂಪಾಯಿಯ ಅಟಲ್ ಭೂಜಲ ಯೋಜನೆ ಏಳು ರಾಜ್ಯಗಳದ್ದು. ಕರ್ನಾಟಕವೂ, ಮಹಾರಾಷ್ಟ್ರದ ಪುಣೆ ಜಿಲ್ಲೆಯೂ ಅದರಲ್ಲಿದ್ದವು. ಊರಿಗೆ ಬಂದ ಮಳೆ ಎಷ್ಟು, ಬೆಳೆ ಕುಡಿದದ್ದೆಷ್ಟು ಎಂಬ ನೀರಿನ ಆಯವ್ಯಯವನ್ನು ಗ್ರಾಮ ಪಂಚಾಯಿತಿ ತಯಾರಿಸಬೇಕಿತ್ತು. ಅಂತರ್ಜಲ ಕುಸಿಯುವ ವೇಗ ತಗ್ಗಿಸಿದ ರಾಜ್ಯಕ್ಕೆ ಪ್ರೋತ್ಸಾಹಧನ. ಎಷ್ಟು ಹೊಂಡ ತೋಡಿದಿರಿ ಎಂಬ ಪ್ರಶ್ನೆಯ ಜೊತೆಗೆ ಬಾವಿಯ ನೀರು ಎಲ್ಲಿ ನಿಂತಿದೆ ಎಂಬ ಪ್ರಶ್ನೆಯೂ ಸೇರಿತು.

ಆದರೂ ಆಯವ್ಯಯದ ಫಲಕದಲ್ಲಿ ಕೊರತೆ ಕಂಡಾಗ ಯಾರ ಪಂಪು ನಿಲ್ಲಬೇಕು, ಯಾವ ಬೆಳೆ ಬಿಡಬೇಕು ಎಂದು ಹೇಳುವುದು ದೆಹಲಿಯ ಯೋಜನೆಯಿಂದ ಆಗದ ಮಾತು. ಅದನ್ನು ಊರೇ ತೀರ್ಮಾನಿಸಬೇಕು, ಅದೂ ಸಹಾಯಧನದ ಅರ್ಜಿ ಬರೆಯುವ ಮೊದಲು. ನಾಯಗಾಂವದಲ್ಲಿ ಪಂಪು ತಿರುಗುವ ಮುಂಚೆಯೇ ಪಾಲು ಗೊತ್ತಾಗಿತ್ತು. ಸರ್ಕಾರದ ಅರ್ಧ ಹಣಕ್ಕೆ ಅಲ್ಲಿ ಬೆಲೆ ಬಂದದ್ದು ಆ ಒಪ್ಪಂದದಿಂದ.