ಬೊಜ್ಜು ಸಿರಿವಂತರ ಕಾಯಿಲೆಯೇ?

ಬೊಜ್ಜು, ಹೃದ್ರೋಗಗಳು ಉಂಡು ಕೊಬ್ಬಿದವರಿಗೆ ಮಾತ್ರ ಬರುವುವೆಂದು ನೀವು ನಂಬಿರಬಹುದು. ಮೈಸೂರಿನಲ್ಲಿ ನಡೆದ ಅಧ್ಯಯನವೊಂದು ಬೇರೆಯದನ್ನೇ ತಿಳಿಸುತ್ತದೆ.

ಮಿಷನ್ ಆಸ್ಪತ್ರೆಯೆಂದೇ ಹೆಸರಾದ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗುತ್ತಿತ್ತು. (ಬರೆದಿಟ್ಟವರಿಗೆ ನಾವು ಋಣಿಗಳು.) 1934 ಮತ್ತು 1954ರ ನಡುವೆ ಅಲ್ಲಿ ಜನಿಸಿದ 517 ಮಂದಿಯನ್ನು ಸಂಶೋಧಕರು ಪರೀಕ್ಷಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದ್ದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, 3.1 ಕಿಲೋ ಮೀರಿದ್ದವರಲ್ಲಿ ಶೇಕಡಾ 3 ಮಂದಿಗೆ ಮಾತ್ರ. ತಾಯಿಯೂ ಕೃಶಳಾಗಿದ್ದಲ್ಲಿ ರೋಗದ ಪ್ರಮಾಣ ಇನ್ನೂ ಹೆಚ್ಚು.

ಗರ್ಭದಲ್ಲಿ ಪೋಷಣೆ ಸಾಲದ ಶಿಶುವಿಗೆ ಮಾಂಸಖಂಡ ಕಡಿಮೆ. ಅಂತಹವರು ಮುಂದೆ ಬೇಳೆ, ಸೊಪ್ಪು, ಹಾಲುಗಳನ್ನು ಕೊಳ್ಳಲಾರದೆ ಅನ್ನ, ಸಕ್ಕರೆ, ಎಣ್ಣೆಯಿಂದಲೇ ಹೊಟ್ಟೆ ತುಂಬಿಸಿಕೊಂಡರೆ ಕೈಕಾಲು ಸಣ್ಣದಾಗಿಯೇ ಉಳಿದು ಹೊಟ್ಟೆ ಮಾತ್ರ ಬೆಳೆಯುತ್ತದೆ. ತೂಕದ ಯಂತ್ರ ಇದನ್ನು ತೋರಿಸದು. ಆದುದರಿಂದ ಹೊಟ್ಟೆಯ ಸುತ್ತಳತೆ ನೋಡಿ. ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ರಕ್ತದೊತ್ತಡ, ರಕ್ತದ ಸಕ್ಕರೆಗಳ ಪರೀಕ್ಷೆ ಅಗತ್ಯ.

ಉಳ್ಳವರು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುತ್ತಾರೆ. ಕೂಲಿಯವರು ದಿನದ ಸಂಬಳ ಕಳೆದುಕೊಳ್ಳಲಾರದೆ ಎದೆನೋವು ಬಂದ ಮೇಲೆಯೇ ಬರುತ್ತಾರೆ. ವೈದ್ಯನಾದ ನನ್ನನ್ನು ಹೆಚ್ಚು ಕಾಡುವುದು ಇದೇ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಗಳು ಉಚಿತ. ನಿಮ್ಮ ಮನೆಯಲ್ಲಿ ಗರ್ಭಿಣಿಯಿದ್ದರೆ, ಎಲ್ಲರೂ ಉಂಡ ನಂತರ ಉಳಿದುದನ್ನು ಅವಳು ಉಣ್ಣುವ ರೂಢಿಯನ್ನು ಇಂದೇ ತಪ್ಪಿಸಿ.